ಬೂಟ್ ಆಗುವಾಗಲೇ ನಿಂತ ಸರ್ವರನ್ನು ಮನೆಯಿಂದ ನೋಡುವುದು ಹೇಗೆ?

ಶಿರಾಗೇಟ್: ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ನಾನು ನೋಡಿಕೊಳ್ಳುವ ಡೆಬಿಯನ್ ಲಿನಕ್ಸ್ ಸರ್ವರ್ ಇದೆ. ಸರ್ವರ್ ಅಂತ ಹೆಸರಿಗೆ, ಮಾಮೂಲಿ ಡೆಸ್ಕ್‌ಟಾಪೇ. ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ಪಿಂಗ್ ಕೂಡ ಇಲ್ಲ. ತುಮಕೂರಿಂದ ಮಳೆಯಲ್ಲೇ ಬೈಕ್ ಹತ್ತಿದೆ. ಹೋಗಿ ನೋಡಿದರೆ ಎಮರ್ಜೆನ್ಸಿ ಮೋಡ್, ಅಂದರೆ ಬೂಟ್ ಅರ್ಧಕ್ಕೆ ನಿಂತು ರಿಪೇರಿಗೆ ಕಾಯುವ ಸ್ಥಿತಿ. ಬ್ಯಾಕಪ್ಪಿನ ಯುಎಸ್‌ಬಿ ಡಿಸ್ಕ್ ಕಿತ್ತು, ಆ ಜಾಗದಲ್ಲಿ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು! ಇಂಥ ಹೊತ್ತಲ್ಲಿ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಇದ್ದು ಏನು ಬಂತು?

ಕ್ಯಾತ್ಸಂದ್ರ: ಎಸ್‌ಎಸ್‌ಎಚ್ ಏಳುವುದೇ ಕೊನೆಗೆ. ಸೀರಿಯಲ್ ಕನ್ಸೋಲ್ ಹಾಕಿ, ಬೂಟ್ ಸಂದೇಶಗಳು ಸೀರಿಯಲ್ ಪೋರ್ಟಿನ ತಂತಿಯಲ್ಲಿ ಹೊರಗೆ ಬರುತ್ತವೆ, ಅಲ್ಲಿಂದಲೇ ಟೈಪೂ ಮಾಡಬಹುದು. ಗ್ರಬ್‌ನಲ್ಲಿ (ಲಿನಕ್ಸನ್ನು ಎಬ್ಬಿಸುವ ಬೂಟ್ ಪ್ರೋಗ್ರಾಂ) ಕರ್ನಲ್ ಸಾಲಿಗೆ ‘ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್0,115200’ ಸೇರಿಸಿ. ಕೊನೆಗೆ ಬರೆದದ್ದೇ ಮುಖ್ಯ ಕನ್ಸೋಲ್ ಆಗುತ್ತದೆ, ಹಿಂದೆಮುಂದೆ ಮಾಡಬೇಡಿ. ಗ್ರಬ್ ಮೆನುವನ್ನೂ ಸೀರಿಯಲ್‌ಗೆ ತಿರುಗಿಸಿ. ನಲ್ ಮೋಡೆಮ್ ಕೇಬಲ್‌ನಲ್ಲಿ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ ಪಕ್ಕದ ರಾಸ್ಪ್‌ಬೆರಿ ಪೈಗೆ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಕೊಟ್ಟರೆ ಮುಗಿಯಿತು.

ತಿಪಟೂರು ಕಾಯಿ: ಎಲ್ಲಿ ಮುಗಿಯಿತು? ಆನ್ ಆದ ಕೂಡಲೇ ಮೊದಲು ಓಡುವ ಡೆಸ್ಕ್‌ಟಾಪಿನ ಬಯೋಸ್ ಸಾಮಾನ್ಯವಾಗಿ ಸೀರಿಯಲ್‌ನಲ್ಲಿ ಮಾತಾಡುವುದಿಲ್ಲ. ‘ಕೀಬೋರ್ಡ್ ಇಲ್ಲ, ಎಫ್1 ಒತ್ತಿ’ ಅಂತ ನಿಂತರೆ ಮತ್ತೆ ಬೈಕೇ ಗತಿ. ಹಳೇ ಸರ್ವರ್ ಬೋರ್ಡ್ ತಗೊಳ್ಳಿ. ಅದರಲ್ಲಿ ಬಿಎಂಸಿ ಅಂತ ಬೇರೆಯೇ ಪುಟ್ಟ ಕಂಪ್ಯೂಟರ್ ಇರುತ್ತದೆ. ಮೇನ್ ಮೆಷಿನ್ ಆಫ್ ಇದ್ದರೂ ಅದು ಎಚ್ಚರ, ಅದರ ಮೂಲಕ ಮೆಷಿನ್ನನ್ನು ದೂರದಿಂದ ನಡೆಸಬಹುದು.

ಗೌರಿಬಿದನೂರು: ಅದನ್ನು ಇಂಟರ್ನೆಟ್ಟಿಗೆ ಮಾತ್ರ ಬಿಡಬೇಡಿ ಮಾರಾಯ್ರೇ. ಬಿಎಂಸಿ ಜೊತೆ ಮಾತಾಡುವ ನಿಯಮವಾದ ಐಪಿಎಂಐ 2.0ರಲ್ಲಿ ಯೂಸರ್ ಹೆಸರು ಗೊತ್ತಿದ್ದರೆ ಸಾಕು, ಲಾಗಿನ್‌ಗೆ ಮೊದಲೇ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುರುತು, ಊಹಿಸಿ ಒಡೆಯಬಹುದು) ಕೊಟ್ಟುಬಿಡುತ್ತದೆ. 2013ರಿಂದ ಎಲ್ಲರಿಗೂ ಗೊತ್ತು. ತೂತು ಇರುವುದು ನಿಯಮದಲ್ಲೇ, ಅಪ್‌ಡೇಟ್ ಹಾಕಿದರೆ ಹೋಗುವಂಥದ್ದಲ್ಲ. ಅದರ ಪೋರ್ಟ್ ಯುಡಿಪಿ 623 ಅನ್ನು ಹೊರಗಿನಿಂದ ಮುಚ್ಚಿ, ವಿಪಿಎನ್ (ಗುಪ್ತ ಖಾಸಗಿ ದಾರಿ) ಮೂಲಕ ಹೋಗಿ.

ತಿಪಟೂರು ಕಾಯಿ: ಒಪ್ಪಿದೆ. ಆದರೆ ಆ ವಿಪಿಎನ್ ಅದೇ ಸರ್ವರಲ್ಲಿ ಇಟ್ಟರೆ, ಬೀಗದ ಕೈ ಒಳಗಿಟ್ಟು ಬಾಗಿಲು ಎಳಕೊಂಡ ಹಾಗೆ. ರೌಟರಲ್ಲಿ ಇಡಿ. ರೌಟರ್ ಯುಪಿಎಸ್ ಮೇಲೆ ಇರಲಿ.

ಶಿರಾಗೇಟ್: ಹೊಸ ಬೋರ್ಡ್ ಅಂದರೆ ಓನರ್ ಫೋನೇ ಎತ್ತುವುದಿಲ್ಲ ಸರ್.

ಕ್ಯಾತ್ಸಂದ್ರ: ಹಾಗಾದರೆ ಪೈಕೆವಿಎಂ ನೋಡಿ. ಅದೇ ಪೈಗೆ ಎಚ್‌ಡಿಎಂಐ ಕ್ಯಾಪ್ಚರ್, ಅಂದರೆ ಸರ್ವರಿನ ಸ್ಕ್ರೀನನ್ನು ಪೈಗೆ ತರುವ ಸಾಧನ ಬೇಕು. ಯುಎಸ್‌ಬಿ ಕಡೆಯಿಂದ ಅದು ಕೀಬೋರ್ಡ್ ಆಗಿ ನಟಿಸುತ್ತದೆ. ಬಯೋಸೂ ಕಾಣುತ್ತದೆ, ಎಫ್1 ಕೂಡ ಒತ್ತಬಹುದು.

ಗೌರಿಬಿದನೂರು: ಇಷ್ಟೆಲ್ಲ ಯಾಕೆ ಸುಮ್ನೆ? ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್‌ ಫೈಲಲ್ಲಿ ಆ ಡಿಸ್ಕಿನ ಸಾಲಿಗೆ ‘ನೋಫೇಲ್’ ಹಾಕಿದ್ದರೆ ನಿನ್ನೆ ನೀವು ನೆನೆಯುತ್ತಲೇ ಇರಲಿಲ್ಲ. ಅದು ಇದ್ದರೆ ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಯುತ್ತದೆ. ಅದಿಲ್ಲದಿದ್ದರೆ ಡಿಸ್ಕಿಗಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿಗೆ ಬೀಳುತ್ತದೆ. ಇನ್ನೊಂದು, ರೂಟ್ (ಅಡ್ಮಿನ್) ಪಾಸ್‌ವರ್ಡ್ ಇಟ್ಟಿದ್ದೀರಾ? ಡೆಬಿಯನ್‌ನಲ್ಲಿ ರೂಟ್ ಲಾಕ್ ಆಗಿದ್ದರೆ ಎಮರ್ಜೆನ್ಸಿ ಮೋಡ್ ಒಳಗೇ ಬಿಡುವುದಿಲ್ಲ. ಕನ್ಸೋಲ್ ಸಿಕ್ಕರೂ ನೋಡುತ್ತಾ ಕೂರಬೇಕು ಅಷ್ಟೇ.

ಶಿರಾಗೇಟ್: ರೂಟ್ ಪಾಸ್‌ವರ್ಡ್ ಇದೆ, ಬಚಾವ್. ನೋಫೇಲ್ ಈಗಷ್ಟೇ ಹಾಕಿದೆ. ಪೈ ಮನೆಯಲ್ಲೇ ಧೂಳು ತಿನ್ನುತ್ತಿದೆ, ಮೊದಲು ಸೀರಿಯಲ್ ಮಾಡ್ತೀನಿ. ಬೋರ್ಡಲ್ಲಿ ಕಾಮ್ (ಸೀರಿಯಲ್) ಪಿನ್‌ಗಳಿವೆ, ಹಿಂದೆ ಪೋರ್ಟ್ ಇಲ್ಲ. ಆ ಪಿನ್‌ಗಳಿಂದ ಹಿಂದಕ್ಕೆ ಪೋರ್ಟ್ ಕೊಡುವ ಬ್ರಾಕೆಟ್ ತುಮಕೂರಲ್ಲಿ ಸಿಗುತ್ತಾ?

ತಿಪಟೂರು ಕಾಯಿ: ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ. ಹಾಗೇ ನನಗೂ ಎರಡು ತನ್ನಿ.