ಅಕ್ಕಾ, ಭಾವನ ಶುಗರ್ ವಿಷಯ

ಅಕ್ಕಾ, ಶುಗರ್ ಇದ್ದವರಿಗೆಲ್ಲ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಬರುತ್ತದಾ ಅಂತ ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಎಲ್ಲರಿಗೂ ಬರುವುದಿಲ್ಲ. ಅಮ್ಮನಿಗೆ 20 ವರ್ಷದಿಂದ ಶುಗರ್ ಇದೆ. ಇಂಥವರಿಗೆ ಅಪಾಯ ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು ಜಾಸ್ತಿ, ನಿಜ. ಆದರೆ ಈ ಕ್ಯಾನ್ಸರೇ ಅಪರೂಪ, ಎರಡು ಪಟ್ಟಾದರೂ ಕಡಿಮೆಯೇ. ಅಮ್ಮಾ, ಗಾಬರಿ ಬೇಡ. ಹತೋಟಿಯಲ್ಲಿರುವ ಶುಗರ್ ಕಾರಣವಿಲ್ಲದೆ ಏರಿ, ತೂಕವೂ ಇಳಿದರೆ ಮಾತ್ರ ನನಗೆ ಹೇಳಿ.

ನನಗೆ ಯೋಚನೆ ಇರುವುದು ಭಾವನದ್ದು. ವಯಸ್ಸು 58. ಅವರ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ, ಇವರಿಗೆ ಈ ಮಳೆಗಾಲದಲ್ಲಿ ಇದ್ದಕ್ಕಿದ್ದ ಹಾಗೆ ಬಂತು. ಮೊನ್ನೆ ಅಡಿಕೆ ಕೊನೆ ಕೊಯ್ಲಿಗೆ ತೀರ್ಥಹಳ್ಳಿಗೆ ಬಂದಾಗ ನೋಡಿದೆ, ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದರು. ಪಥ್ಯ ಶುರು ಮಾಡುವ ಮೊದಲೇ ಇಳಿದದ್ದು ಅಂತ ನೀನೇ ಹೇಳಿದೆ.

ಕೆಲವು ಸಲ ಗಡ್ಡೆಯಿಂದಲೇ ಶುಗರ್ ಬರುತ್ತದೆ ಅಕ್ಕಾ. ಶುಗರ್ ಹತೋಟಿಯಲ್ಲಿಡುವ ಇನ್ಸುಲಿನ್ ಮಾಡುವುದೇ ಪ್ಯಾಂಕ್ರಿಯಾಸ್ ಅಲ್ವಾ? ಅಲ್ಲಿ ಗಡ್ಡೆ ಶುರುವಾದರೆ, ನೋವು ಕಾಣುವ ಎಷ್ಟೋ ತಿಂಗಳು ಮೊದಲೇ ಶುಗರ್ ಏರಬಹುದು. 50 ದಾಟಿದ ಮೇಲೆ ಹೊಸದಾಗಿ ಶುಗರ್ ಬಂದ 100 ಜನರಲ್ಲಿ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಸಿಗುತ್ತದೆ. ಮಿಕ್ಕವರಿಗೆ ಬರೀ ಶುಗರ್. ಆದರೆ ತೂಕ ಸುಮ್ನೆ ಇಳಿಯುತ್ತಿದ್ದರೆ ನೋಡಿಸಿಬಿಡಬೇಕು.

ದೊಡ್ಡಪ್ಪನಿಗೆ ಹೀಗೇ ಆಗಿದ್ದು. ತೂಕ ಇಳಿದಾಗ, ಅನ್ನ ಬಿಟ್ಟು ಚಪಾತಿ ತಿಂದಿದ್ದಕ್ಕೆ ಅಂತ ಎಲ್ಲರೂ ಖುಷಿಪಟ್ಟೆವು. ಕಣ್ಣು ಹಳದಿಯಾದಾಗ ಕಾಮಾಲೆ ಅಂತ ಮೂರು ವಾರ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟವಳು ನಾನೇ. ರಾತ್ರಿಯೆಲ್ಲ ಬಾಚಣಿಗೆ ಹಿಡಿದು ಬೆನ್ನು ಕೆರೆದುಕೊಳ್ಳುತ್ತಿದ್ದರು, ಅಷ್ಟು ತುರಿಕೆ. ಮಲ ಸುಣ್ಣದ ಹಾಗೆ ಬೆಳ್ಳಗೆ, ಮೂತ್ರ ಕಡು ಹಳದಿ. ಗಡ್ಡೆ ಪಿತ್ತದ ನಾಳವನ್ನು ಒತ್ತಿತ್ತು. ಗೊತ್ತಾಗುವಾಗ ಆಪರೇಷನ್ ಮಾಡುವ ಹೊತ್ತು ಮೀರಿತ್ತು. ಆ ಮೂರು ವಾರ ನನಗೆ ಇವತ್ತಿಗೂ ಮರೆಯುವುದಿಲ್ಲ.

ಭಾವನ ಹೊಟ್ಟೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ನಾರ್ಮಲ್ ಅಂದೆಯಲ್ಲ, ಅಷ್ಟು ಸಾಲದು. ಪ್ಯಾಂಕ್ರಿಯಾಸ್ ಇರುವುದು ಜಠರದ ಹಿಂದೆ, ಗ್ಯಾಸ್ ಅಡ್ಡ ಬಂದರೆ ಸರಿಯಾಗಿ ಕಾಣುವುದಿಲ್ಲ. ಸಿಟಿ ಸ್ಕ್ಯಾನ್ ಬೇಕಾಗುತ್ತದಾ ಅಂತ ಡಾಕ್ಟರನ್ನೇ ಕೇಳೋಣ. ತೂಕ ಎಷ್ಟಿತ್ತು, ಈಗ ಎಷ್ಟಿದೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೋ.

ಶನಿವಾರ ಮೊದಲ ಬಸ್ಸಿಗೆ ಇಬ್ಬರೂ ಹೊರಡಿ. ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ. ಕೊಯ್ಲು ಮುಗಿಯಲಿ ಅಂತ ಭಾವ ಅಂದರೆ ಫೋನ್ ಅವರ ಕೈಗೆ ಕೊಡು, ನಾನೇ ಮಾತಾಡುತ್ತೇನೆ.