ಅಪ್‌ಡೇಟ್: ಖಾಸಗಿ ಫೋಲ್ಡರ್‌ಗೆ ಬೀಗ ಹಾಕುವ ದಾರಿ ಸಿಕ್ಕಿತು

ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕಾಗದಪತ್ರ, ಅಮ್ಮನ ಆಸ್ಪತ್ರೆ ರಿಪೋರ್ಟ್ ಇರುವ ಫೋಲ್ಡರನ್ನು ಕಾಪಾಡುವುದು ಹೇಗೆ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೊನೆಗೆ ಕೆಲಸಕ್ಕೆ ಬಂದಿದ್ದು ವೆರಾಕ್ರಿಪ್ಟ್ ಅನ್ನೋ, ಫೈಲ್‌ಗಳಿಗೆ ಪಾಸ್‌ವರ್ಡ್‌ನ ಬೀಗ ಹಾಕುವ ಸಾಫ್ಟ್‌ವೇರ್. ಅದರಲ್ಲಿ 10 ಜಿಬಿಯ ಒಂದು ಕಂಟೇನರ್ ಫೈಲ್ (ಬೇರೆ ಫೈಲ್‌ಗಳನ್ನು ಒಳಗಿಡುವ ಪೆಟ್ಟಿಗೆಯಂಥ ಫೈಲ್) ಮಾಡಿಕೊಂಡೆ. ಪಾಸ್‌ವರ್ಡ್ ಕೊಟ್ಟರೆ ಬೇರೊಂದು ಡ್ರೈವ್ ಥರ ತೆರೆದುಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಮುಚ್ಚಿದರಾಯಿತು. ಇದನ್ನು ಹೇಳಿಕೊಟ್ಟವರಿಗೆ ನಿಜಕ್ಕೂ ಋಣಿ.

ಫೋಲ್ಡರನ್ನು ಹಿಡನ್ ಮಾಡಿದ್ದು ಸುಮ್ನೆ ದಂಡವಾಯಿತು. ವ್ಯೂ ಮೆನುವಿನಲ್ಲಿ ಒಂದು ಟಿಕ್ ಹಾಕಿದರೆ ಯಾರಿಗಾದರೂ ಕಾಣುತ್ತದೆ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿರುವ ಎನ್‌ಕ್ರಿಪ್ಟ್ (ಬೇರೆಯವರು ಓದಲಾಗದಂತೆ ಮಾಡುವ) ಆಯ್ಕೆ ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಕೆಲಸ ಮಾಡುವುದಿಲ್ಲ. ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿ ಒಂದೇ ಫೈಲ್ ಆಗಿ ಕಟ್ಟುವ ಸೆವೆನ್‌ಜಿಪ್ ಚೆನ್ನಾಗಿದೆ, ಆದರೆ ಒಳಗಿನ ಫೈಲ್ ತೆರೆದಾಗ ಅದರ ಬೀಗವಿಲ್ಲದ ನಕಲು ತಾತ್ಕಾಲಿಕ (ಟೆಂಪ್) ಫೋಲ್ಡರ್‌ಗೆ ಬರುತ್ತದೆ. ದಿನಾ ಬಳಸಲು ಸರಿ ಅನ್ನಿಸಲಿಲ್ಲ.

ನನಗೆ ಗೊತ್ತೇ ಇರದಿದ್ದ ವಿಷಯ ಅಂದರೆ, ಒಳಗೆ ಫೈಲ್ ಬದಲಿಸಿದರೂ ವೆರಾಕ್ರಿಪ್ಟ್ ಕಂಟೇನರ್‌ನ 'ಕೊನೆಯ ಬದಲಾವಣೆ' ದಿನಾಂಕ ಹಾಗೇ ಇರುತ್ತದೆ! ದಿನಾಂಕ ನೋಡಿ ಬ್ಯಾಕಪ್ ಮಾಡುವ ಸಾಫ್ಟ್‌ವೇರ್ ಅದನ್ನು ಬಿಟ್ಟುಬಿಡುತ್ತದೆ. ನನ್ನದು ಎರಡು ದಿನ ಹಾಗೇ ಆಗಿತ್ತು. ವೆರಾಕ್ರಿಪ್ಟ್‌ನ ಪ್ರಿಫರೆನ್ಸಸ್‌ನಲ್ಲಿ ಟೈಮ್‌ಸ್ಟ್ಯಾಂಪ್ (ಅಂದರೆ ಆ ದಿನಾಂಕ) ಹಾಗೇ ಉಳಿಸುವ ಟಿಕ್ ತೆಗೆದ ಮೇಲೆ ಸರಿಹೋಯಿತು.

ಕಂಟೇನರ್‌ನ ಹೊರಗೆ ಉಳಿದಿದ್ದ ಹಳೇ ಫೈಲ್‌ಗಳನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಿದ್ದೇನೆ. ಪಾಸ್‌ವರ್ಡ್ ಮರೆತರೆ ತೆರೆಯಲು ಬೇರೆ ದಾರಿಯೇ ಇಲ್ಲ ಅಲ್ವಾ, ಅದಕ್ಕೇ ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ.