ಮಗಳ ಕಾನ್ವೆಂಟ್ ಶಾಲೆಯ ಸಲಹಾ ಮಂಡಳಿಗೆ ಕರೆದಿದ್ದಾರೆ, ಒಪ್ಪಿಕೊಳ್ಳಲಾ?

ಜಯನಗರದ ಅಮ್ಮ:

ನಮಸ್ಕಾರ. ಬೆಂಗಳೂರಿನ ಕ್ಯಾಥೊಲಿಕ್ ಶಾಲೆಗಳ ಒಳಗಿನ ವ್ಯವಸ್ಥೆ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ನನ್ನ ಮಗಳು ಸಿಸ್ಟರ್‌ಗಳು ನಡೆಸುವ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೇ ಕ್ಲಾಸು ಓದುತ್ತಿದ್ದಾಳೆ. ಅನುದಾನ ಇಲ್ಲದ ಶಾಲೆ, ಸ್ಟೇಟ್ ಸಿಲಬಸ್. ಮೊನ್ನೆ ಪ್ರಿನ್ಸಿಪಾಲ್ ಸಿಸ್ಟರ್ ಕರೆಸಿ, "ಶಾಲೆಗೆ ಒಂದು ಸಲಹಾ ಮಂಡಳಿ ಮಾಡ್ತಿದ್ದೀವಿ, ನೀವೂ ಬನ್ನಿ" ಅಂದರು. ನಾನು ಐಟಿ ಕಂಪನಿಯೊಂದರಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ, ಅದಕ್ಕೇ ಕೇಳಿದ್ದಂತೆ. ಸಂಬಳ ಗಿಂಬಳ ಏನೂ ಇಲ್ಲ, ಪೂರ್ತಿ ಸ್ವಯಂಸೇವೆ. ಮೂರು ತಿಂಗಳಿಗೊಮ್ಮೆ ಶನಿವಾರ ಮೀಟಿಂಗ್. ಹಳೆ ವಿದ್ಯಾರ್ಥಿನಿಯರು, ಒಬ್ಬ ಡಾಕ್ಟರ್, ಧರ್ಮಕೇಂದ್ರದ (ಅಂದರೆ ಆ ಏರಿಯಾದ ಚರ್ಚಿನ) ಫಾದರ್, ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್ ಒಬ್ಬರು ಇರುತ್ತಾರಂತೆ.

ನನಗೆ ಮನಸ್ಸಿದೆ. ಆದರೆ ನಾವು ಕ್ರೈಸ್ತರಲ್ಲ, ಅಲ್ಲಿ ಹೋಗಿ ಕೂತು ನಾನು ಏನು ಹೇಳಬಹುದು, ಏನು ಹೇಳಬಾರದು ಅಂತ ಗೊತ್ತಾಗುತ್ತಿಲ್ಲ. ಪೋಷಕರ ಸಭೆ ಬೇರೆ ಇದೆ, ಹಾಗಾದರೆ ಇದು ಯಾತಕ್ಕೆ? ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತರಹನಾ? ನಾಳೆ ಶಾಲೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ತಲೆಗೂ ಬರುತ್ತಾ? ಮನೆಯವರು "ಸುಮ್ನೆ ಫೋಟೋಗೆ ನಿಲ್ಲಿಸ್ತಾರೆ" ಅಂತಾರೆ. ಅತ್ತೆ ಮಾತ್ರ ಖುಷಿಯಾಗಿದ್ದಾರೆ, ನಾದಿನಿ ಮಗುವಿಗೆ ಎಲ್‌ಕೆಜಿ ಸೀಟು ಸಿಕ್ಕೇಬಿಟ್ಟಿತು ಅನ್ನುವ ಹಾಗೆ!

ಬಾಣಸವಾಡಿ ಹುಡುಗ:

ನಿಮ್ಮ ಮನೆಯವರು ಹೇಳಿದ್ದೇ ಸರಿ ಮೇಡಂ. ನಾನು ಒಂದು ಶಾಲೆಯಲ್ಲಿ ಹಳೆ ವಿದ್ಯಾರ್ಥಿ ಅಂತ ಇಂಥ ಮಂಡಳಿಯಲ್ಲಿ ಕೂತಿದ್ದೆ. ಫೀಸು ಎಷ್ಟು ಏರಿಸಬೇಕು ಅಂತ ತೀರ್ಮಾನ ಆಗಿ, ಸರ್ಕ್ಯುಲರ್ ಪ್ರಿಂಟ್ ಆಗಿ, ಆಮೇಲೆ ನಮ್ಮ ಅಭಿಪ್ರಾಯ ಕೇಳೋರು. ಊಟಕ್ಕಿಲ್ಲದ ಉಪ್ಪಿನಕಾಯಿ ಆಯ್ತು ನಮ್ಮ ಸಲಹೆ. ಟೀ, ಕೇಕು, ಪ್ರಾರ್ಥನೆ, ಗ್ರೂಪ್ ಫೋಟೋ. ಶನಿವಾರ ಮಧ್ಯಾಹ್ನ ಆ ಟ್ರಾಫಿಕ್ಕಲ್ಲಿ ಹೋಗಿ ಬರೋದೇ ಒಂದು ಕೆಲಸ. ನಾನಂತೂ ಬಿಟ್ಟೆ.

ಲೆಕ್ಕದ ಮನುಷ್ಯ:

ಬಾಣಸವಾಡಿಯವರು ಹೇಳಿದ್ದನ್ನು ನಾನೂ ನೋಡಿದ್ದೇನೆ, ಆದರೆ ಎಲ್ಲ ಕಡೆ ಹಾಗೇ ಇರುತ್ತದೆ ಅಂತ ಒಪ್ಪಲ್ಲ. ನಾನು ಕ್ಯಾಥೊಲಿಕ್, ವೃತ್ತಿಯಲ್ಲಿ ಆಡಿಟರ್. ಒಂದು ಧರ್ಮಕೇಂದ್ರದ ಶಾಲೆಯಲ್ಲೂ ಸಿಸ್ಟರ್‌ಗಳ ಒಂದು ಶಾಲೆಯಲ್ಲೂ ಸಲಹಾ ಮಂಡಳಿಯಲ್ಲಿದ್ದೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನಿಮ್ಮ ಶಾಲೆಯ ಯಜಮಾನಿಕೆ ಯಾರದ್ದು? ಹೊರಗಿನವರಿಗೆ ಎಲ್ಲ ಕಾನ್ವೆಂಟೂ ಒಂದೇ ಥರ ಕಾಣುತ್ತದೆ. ಧರ್ಮಕೇಂದ್ರಗಳಿಗೆ ಸೇರಿದ ಶಾಲೆಗಳು ಮಹಾಧರ್ಮಕ್ಷೇತ್ರದ, ಅಂದರೆ ಆರ್ಚ್‌ಬಿಷಪ್ಪರ ಆಡಳಿತದ, ಶಿಕ್ಷಣ ಮಂಡಳಿಯ ಕೆಳಗೆ ಬರುತ್ತವೆ. ಇನ್ನು ಕೆಲವು ಫಾದರ್‌ಗಳ ಸಂಸ್ಥೆಗಳದ್ದು. 1858ರಲ್ಲಿ ಶುರುವಾದ ಸೇಂಟ್ ಜೋಸೆಫ್ಸ್ 1937ರಿಂದ ಜೆಸ್ವಿಟ್ ಫಾದರ್‌ಗಳ ಕೈಯಲ್ಲಿದೆ. ಮೂರನೆಯದು ನಿಮ್ಮ ಹಾಗೆ ಸಿಸ್ಟರ್‌ಗಳ ಸಂಸ್ಥೆಗಳದ್ದು. ಅಲ್ಲಿ ದೊಡ್ಡ ತೀರ್ಮಾನ ಪ್ರಿನ್ಸಿಪಾಲ್ ಕೂಡ ಒಬ್ಬರೇ ಮಾಡೋ ಹಾಗಿಲ್ಲ, ಪ್ರೊವಿನ್ಶಿಯಲ್ (ಆ ಸಂಸ್ಥೆಯ ಪ್ರಾಂತದ ಮುಖ್ಯಸ್ಥೆ) ಮತ್ತು ಅವರ ಕೌನ್ಸಿಲ್ ಮಾಡುತ್ತಾರೆ. ಹೊಸ ಕಟ್ಟಡ ಬೇಕು ಅಂತ ನೀವು ಎಷ್ಟು ಚೆನ್ನಾಗಿ ವಾದಿಸಿದರೂ ಎದುರಿಗೆ ಕೂತ ಸಿಸ್ಟರ್ ತಲೆಯಾಡಿಸಬಹುದು ಅಷ್ಟೆ, ಸಹಿ ಹಾಕೋರು ಇನ್ನೆಲ್ಲೋ ಇರುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬೇಜಾರು ಮಾಡಿಕೊಂಡು ಬಿಟ್ಟು ಹೋಗುತ್ತಾರೆ.

ಎರಡನೆಯದು ಟ್ರಾನ್ಸ್‌ಫರ್. ಸಿಸ್ಟರ್‌ಗಳಿಗೆ, ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗೇ ಆಗುತ್ತದೆ. ಇವತ್ತು ನಿಮ್ಮನ್ನು ಕರೆದವರು ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಇನ್ಯಾವುದೋ ಊರಲ್ಲಿರಬಹುದು, ಹೊಸದಾಗಿ ಬಂದವರಿಗೆ ಸಲಹಾ ಮಂಡಳಿ ಅಂದರೆ ಆಸಕ್ತಿ ಇಲ್ಲದಿದ್ದರೆ ಎಲ್ಲಾ ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಮಿನಿಟ್ಸ್ ಮುಖ್ಯ. ಸಲಹೆ ಕೊಟ್ಟದ್ದು ಏನು, ಶಾಲೆ ಒಪ್ಪಿದ್ದು ಏನು, ಒಪ್ಪದೇ ಇದ್ದದ್ದು ಯಾಕೆ, ಇಷ್ಟು ಬರೆದಿಡಿಸಿ. ಹೊಸ ಪ್ರಿನ್ಸಿಪಾಲ್ ಓದೋದು ಆ ಫೈಲನ್ನೇ.

ಮಂಡಳಿ ನಿಜವಾದದ್ದಾ, ಫೋಟೋದ್ದಾ ಅಂತ ನೋಡೋಕೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. "ಹೋದ ವರ್ಷದ ಆದಾಯ ಖರ್ಚಿನ ಪಟ್ಟಿ, ಈ ವರ್ಷದ ಬಜೆಟ್, ಮೀಟಿಂಗಿಗೆ ಮುಂಚೆ ನಮಗೆ ಕಳಿಸ್ತೀರಾ?" ಕಳಿಸಿದರೆ ಹೋಗಿ. ಶಾಲೆಯ ಲೆಕ್ಕಪತ್ರ ಅನ್ನೋದು ಮೇಷ್ಟ್ರುಗಳ ಸಂಬಳದಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ, ಅದನ್ನು ನೋಡದೆ ಸ್ಮಾರ್ಟ್ ಬೋರ್ಡ್ ಹಾಕಿ, ಈಜುಕೊಳ ಕಟ್ಟಿಸಿ ಅಂತ ಸಲಹೆ ಕೊಡೋದರಲ್ಲಿ ಅರ್ಥ ಇಲ್ಲ. ನಾನು ಇದ್ದ ಒಂದು ಶಾಲೆಯಲ್ಲಿ ಪಟ್ಟಿ ನೋಡಿದ ಮೇಲೇ ಗೊತ್ತಾದದ್ದು, ಫೀಸು ಕಟ್ಟಲಾಗದ ಮಕ್ಕಳಿಗೆ ಸಿಸ್ಟರ್‌ಗಳು ಸದ್ದಿಲ್ಲದೆ ರಿಯಾಯಿತಿ ಕೊಡುತ್ತಿದ್ದರು, ಆದರೆ ಅದಕ್ಕೆ ಬೇರೆ ನಿಧಿಯೇ ಇರಲಿಲ್ಲ, ವರ್ಷದ ಕೊನೆಗೆ ಕೊರತೆ ಬೀಳುತ್ತಿತ್ತು. ಹಳೆ ವಿದ್ಯಾರ್ಥಿಗಳನ್ನು ಹಿಡಿದು ಒಂದು ನಿಧಿ ಮಾಡಿದೆವು. ಸಲಹಾ ಮಂಡಳಿ ಮಾಡಬಹುದಾದ ಕೆಲಸ ಅಂದರೆ ಇಂಥದ್ದು.

ಬ್ಯಾಂಕ್ ಖಾತೆಗೆ ಸಹಿದಾರರಾಗಿ ಅಂದರೆ ಮಾತ್ರ ಬೇಡ ಅನ್ನಿ. ಸಂಸ್ಥೆಗೆ ವಿದೇಶಿ ದೇಣಿಗೆ ಬರುತ್ತಿದ್ದರೆ ಅದರ ನಿಯಮಗಳು 2020ರ ತಿದ್ದುಪಡಿ ಆದ ಮೇಲೆ ಇನ್ನೂ ಬಿಗಿಯಾಗಿವೆ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಹಣ ಬರಬೇಕು, ಪದಾಧಿಕಾರಿಗಳ ಆಧಾರ್ ಕೊಡಬೇಕು. ಸಲಹೆಗಾರರು ಆ ಕಾಗದಪತ್ರದ ಹತ್ತಿರವೂ ಹೋಗೋದು ಬೇಡ.

ಕಾನೂನು ಕಟ್ಟೆ:

ಎಸ್‌ಡಿಎಂಸಿ ತರಹನಾ ಅಂತ ಕೇಳಿದ್ದೀರಲ್ಲ, ಅಲ್ಲ. ಎಸ್‌ಡಿಎಂಸಿ 2001ರಿಂದ ಇರುವ ಸರ್ಕಾರಿ ಶಾಲೆಗಳ ವ್ಯವಸ್ಥೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಶಾಲಾ ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಅನ್ನುತ್ತದೆ. ಆದರೆ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಅದು ಅನ್ವಯಿಸಲ್ಲ. 2012ರಲ್ಲಿ ತಿದ್ದುಪಡಿ ತಂದು, ಅಲ್ಪಸಂಖ್ಯಾತರ ಶಾಲೆಗಳಲ್ಲಿ ಇಂಥ ಸಮಿತಿ ಸಲಹೆ ಮಾತ್ರ ಕೊಡಬಹುದು ಅಂತ ಸೇರಿಸಿದರು. 2014ರಲ್ಲಿ ಪ್ರಮತಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆಯೇ ಅನ್ವಯಿಸಲ್ಲ ಅಂದರು.

ಇದೆಲ್ಲದರ ಹಿಂದೆ ಇರೋದು ಸಂವಿಧಾನದ 30ನೇ ವಿಧಿ. ಅಲ್ಪಸಂಖ್ಯಾತರು ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಅದು. 2002ರ ಹನ್ನೊಂದು ನ್ಯಾಯಮೂರ್ತಿಗಳ ಪ್ರಸಿದ್ಧ ತೀರ್ಪು ಬಂದದ್ದು ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಿನಲ್ಲೇ. ಹಾಗಂತ ಹೇಗೆ ಬೇಕಾದರೂ ನಡೆಸಬಹುದು ಅಂತಲ್ಲ, ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ ಅಂತ 1958ರಷ್ಟು ಹಿಂದೆಯೇ ಕೋರ್ಟ್ ಹೇಳಿದೆ. ಒಟ್ಟಿನಲ್ಲಿ ನಿಮ್ಮ ಮಂಡಳಿ ಕಾನೂನು ಬಲವಂತದಿಂದ ಹುಟ್ಟಿದ್ದಲ್ಲ, ಸಿಸ್ಟರ್‌ಗಳು ತಾವಾಗಿ ಮಾಡಿಕೊಂಡದ್ದು. ಅಧಿಕಾರ ಇಲ್ಲ, ಹಾಗಾಗಿ ಹೊಣೆಯೂ ಮಾಮೂಲಾಗಿ ಸಂಸ್ಥೆಯ ಆಡಳಿತ ಮಂಡಳಿಯದ್ದೇ. ಸಿಬಿಎಸ್‌ಇ ಶಾಲೆಯಾಗಿದ್ದರೆ ಮ್ಯಾನೇಜ್‌ಮೆಂಟ್ ಕಮಿಟಿಯಲ್ಲಿ ಪೋಷಕರಿರಬೇಕು ಅನ್ನೋ ನಿಯಮ ಬೇರೆ ಇದೆ, ಅದನ್ನು ಇದರ ಜೊತೆ ಕಲಸಬೇಡಿ.

ಒಂದು ಕಡೆ ಮಾತ್ರ "ನಾನು ಬರೀ ಸಲಹೆಗಾರಳು" ಅನ್ನೋ ಮಾತು ನಡೆಯಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ನಿಮ್ಮ ಕಿವಿಗೆ ಬಿದ್ದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಶಾಲೆಯ ಹೆಸರು ಹಾಳಾಗುತ್ತೆ, ಒಳಗೇ ವಿಚಾರಿಸೋಣ, ಮುಂದಿನ ಮೀಟಿಂಗಿಗೆ ಇಡೋಣ ಅನ್ನೋರು ಎಲ್ಲ ಶಾಲೆಯಲ್ಲೂ ಸಿಗುತ್ತಾರೆ. ಕೇಳಬೇಡಿ. ಎಚ್‌ಆರ್‌ನವರಾದ ನಿಮಗೆ ದೂರು ಹೇಗೆ ದಾಖಲಿಸಬೇಕು ಅಂತ ಹೇಳಿಕೊಡಬೇಕಿಲ್ಲ. ಮೊದಲ ಮೀಟಿಂಗಿನಲ್ಲೇ ಶಾಲೆಯ ಮಕ್ಕಳ ರಕ್ಷಣಾ ನೀತಿ ತೋರಿಸಿ ಅನ್ನಿ, ಡ್ರೈವರ್, ಆಯಾ, ಕೋಚ್ ಇವರನ್ನು ಕೆಲಸಕ್ಕೆ ತಗೊಳ್ಳುವಾಗ ಏನು ಪರಿಶೀಲನೆ ಮಾಡುತ್ತಾರೆ ಅಂತ ಕೇಳಿ.

ನಿವೃತ್ತ ಕನ್ನಡ ಮಿಸ್:

ಹೋಗಮ್ಮ, ಖಂಡಿತ ಹೋಗು. ನಾನು ಕಾನ್ವೆಂಟ್ ಶಾಲೆಗಳಲ್ಲೇ ಪಾಠ ಮಾಡಿ ರಿಟೈರ್ ಆದವಳು. ನಾನೂ ಕ್ರೈಸ್ತಳಲ್ಲ. ಸಿಸ್ಟರ್‌ಗಳು ಹೊರಗಿನವರನ್ನು ಕರೆಯೋದೇ ತಮ್ಮೊಳಗೆ ಹೇಳಿಕೊಳ್ಳಲಾಗದ್ದನ್ನು ಬೇರೆಯವರ ಬಾಯಲ್ಲಿ ಕೇಳೋಕೆ.

ಧರ್ಮದ ವಿಷಯ ಹೆದರಬೇಡ. ಬೈಬಲ್ ತರಗತಿ, ಬಲಿಪೂಜೆ (ಚರ್ಚಿನ ಮಾಸ್), ಕ್ಯಾಥೊಲಿಕ್ ಮಕ್ಕಳ ಕ್ಯಾಟೆಕಿಸಂ (ಧರ್ಮಪಾಠ) ಇವು ಅವರ ಮನೆ ವಿಷಯ, ಅದರಲ್ಲಿ ನಿನ್ನ ಸಲಹೆ ಯಾರೂ ಕೇಳಲ್ಲ. ಆದರೆ ಅಸೆಂಬ್ಲಿ ಎಲ್ಲ ಮಕ್ಕಳದ್ದು. 2024ರಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿಯೇ ಶಾಲೆಗಳಿಗೆ ಸೂಚನೆ ಕಳಿಸಿತ್ತು: ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಎಲ್ಲ ಧರ್ಮದವರಿಗೂ ಆಗುವಂಥ ಪ್ರಾರ್ಥನಾ ಕೋಣೆ ಇರಲಿ ಅಂತ. ನಮ್ಮ ಶಾಲೆಯಲ್ಲಿ ಇದು ಎಲ್ಲಿಗೆ ಬಂತು ಅಂತ ನೀನು ಕೇಳಿದರೆ ಅದು ಜಗಳ ಅಲ್ಲ, ಅವರದ್ದೇ ಸೂಚನೆ ಕೇಳಿದ ಹಾಗೆ.

ನನ್ನದೊಂದು ಸಂಕಟ ಇದೆ, ಹೇಳಿಬಿಡ್ತೀನಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ 2017-18ರಿಂದ ಹಂತ ಹಂತವಾಗಿ ಎಲ್ಲ ಶಾಲೆಯಲ್ಲೂ ಕನ್ನಡ ಕಲಿಸಬೇಕು. ಕಲಿಸ್ತಾರೆ, ಟೈಮ್‌ಟೇಬಲ್‌ನಲ್ಲಿ ಇರುತ್ತೆ. ಆದರೆ ಒಳ್ಳೆ ಕಥೆಪುಸ್ತಕ ಲೈಬ್ರರಿಯಲ್ಲಿ ಇರಲ್ಲ, ಸ್ಪೋರ್ಟ್ಸ್ ಡೇ ಬಂದರೆ ಪ್ರಾಕ್ಟೀಸಿಗೆ ಮೊದಲು ಹೋಗೋದು ಕನ್ನಡದ ಪೀರಿಯಡ್ಡೇ. ಸಲಹಾ ಮಂಡಳಿಯಲ್ಲಿ ಡಾಕ್ಟರ್, ಬ್ಯಾಂಕಿನವರು ಎಲ್ಲ ಇರ್ತಾರೆ, ಇದನ್ನು ಕೇಳೋರು ಯಾರೂ ಇರಲ್ಲ. ಬೇಗೂರು, ಆನೇಕಲ್ ಕಡೆಯ ಕನ್ನಡದ ಕ್ಯಾಥೊಲಿಕ್ ಮನೆಗಳಿಂದ ಬಂದ ಸಿಸ್ಟರ್‌ಗಳು ಕೆಲವು ಕಡೆ ಇದ್ದಾರೆ, ಅವರಿಗೂ ಒಳಗೊಳಗೇ ಖುಷಿಯಾಗುತ್ತೆ ನೋಡು.

ಇನ್ನು ಸೀಟಿನ ವಿಷಯ. ನಿನ್ನ ಹೆಸರು ಮಂಡಳಿಯಲ್ಲಿದೆ ಅಂತ ಗೊತ್ತಾದ ದಿನದಿಂದ ಫೋನು ಶುರು. ಅತ್ತೆ, ಓನರ್, ಹಾಲಿನವನು, ಎಲ್ಲರಿಗೂ ಎಲ್‌ಕೆಜಿ ಸೀಟು ಬೇಕು. ಡೊನೇಷನ್ ತಗೊಳ್ಳೋದಕ್ಕೆ 1984ರ ಕಾಯ್ದೆಯಲ್ಲೇ ನಿಷೇಧ ಇದೆ, ಆದರೂ ಮಧ್ಯದಲ್ಲಿ ನಿಂತು ಮಾತಾಡಿಸಿಕೊಡಿ ಅನ್ನೋರು ಇರ್ತಾರೆ. ಒಬ್ಬರಿಗೆ ಹೂಂ ಅಂದರೆ ಮುಗಿಯಿತು, ಆಮೇಲೆ ನಿನ್ನ ಯಾವ ಸಲಹೆಗೂ ಬೆಲೆ ಇರಲ್ಲ. ಅತ್ತೆಗೆ ಈಗಲೇ ಹೇಳಿಬಿಡು.

ಜಯನಗರದ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಹೇಳಿದೆ, ಎರಡು ದಿನ ಮಾತಿಲ್ಲ. ಸಿಸ್ಟರ್ ಬಜೆಟ್ ತೋರಿಸೋಕೆ ಒಪ್ಪಿದ್ದಾರೆ, ಸ್ವಲ್ಪ ಯೋಚನೆ ಮಾಡಿ ಒಪ್ಪಿದರು ಅನ್ನಿ. ಟೀಚರ್‌ಗಳು ವರ್ಷದ ಮಧ್ಯದಲ್ಲೇ ಕೆಲಸ ಬಿಟ್ಟು ಹೋಗುತ್ತಿದ್ದಾರಂತೆ, ಯಾಕೆ ಅಂತ ಹೊರಡುವಾಗ ಯಾರೂ ಕೂರಿಸಿಕೊಂಡು ಕೇಳಿಲ್ಲ. ಅಲ್ಲಿಂದ ಶುರು ಮಾಡೋಣ ಅಂದಿದ್ದಾರೆ, ಅದು ನನಗೆ ಗೊತ್ತಿರುವ ಕೆಲಸವೇ. ಲೆಕ್ಕದ ಸರ್, ಇನ್ನೊಂದು ಪ್ರಶ್ನೆ. ಮಗಳು ಅಲ್ಲೇ ಓದುತ್ತಿರೋದು ತೊಂದರೆ ಆಗಲ್ವಾ? ಅವಳ ಕ್ಲಾಸ್ ಟೀಚರ್ ಬಗ್ಗೆಯೇ ಮಾತು ಬಂದರೆ?

ಬಾಣಸವಾಡಿ ಹುಡುಗ:

ಬಜೆಟ್ ತೋರಿಸ್ತಾರಾ! ನಮ್ಮಲ್ಲಿ ಕೇಳಿದ್ದಕ್ಕೆ ಕೇಕ್ ಇನ್ನೊಂದು ಪೀಸ್ ಕೊಟ್ಟಿದ್ದರು.

ಇನ್ನೊಂದು ಕೆಲಸ ಮಾಡಿ ಮೇಡಂ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಒಟ್ಟಿಗೇ ಬಾಂಬ್ ಬೆದರಿಕೆಯ ಇಮೇಲ್ ಬಂತಲ್ಲ, ಹುಸಿ ಅಂತ ಆಮೇಲೆ ಗೊತ್ತಾದದ್ದು. ಅವತ್ತು ಗೇಟಿನ ಮುಂದೆ ಅಪ್ಪ ಅಮ್ಮಂದಿರ ನೂಕುನುಗ್ಗಲು ನೋಡಿದವರಿಗೆ ಗೊತ್ತು, ಯಾವ ಕ್ಲಾಸು ಯಾವ ಗೇಟಿನಿಂದ ಹೊರಗೆ, ಯಾರಿಗೆ ಮಗುವನ್ನು ಕೊಡಬೇಕು, ಪೋಷಕರಿಗೆ ಮೆಸೇಜ್ ಯಾರು ಹಾಕಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿರಬೇಕು. ನಿಮ್ಮ ಶಾಲೆಯಲ್ಲಿ ಅದು ಇದೆಯಾ ಕೇಳಿ. ಇದಕ್ಕೆ ಪ್ರೊವಿನ್ಶಿಯಲ್ ಅಪ್ಪಣೆ ಬೇಕಾಗಲ್ಲ.

ಲೆಕ್ಕದ ಮನುಷ್ಯ:

ಟೀಚರ್‌ಗಳ ವಿಷಯ ಒಳ್ಳೆ ಶುರು. ಆದರೆ ಅವರು ನಿಮ್ಮ ಹತ್ತಿರ ಹೇಳಿಕೊಂಡದ್ದನ್ನು ಹೆಸರು ತೆಗೆದು, ಒಟ್ಟು ಸೇರಿಸಿ ಮಂಡಳಿಗೆ ಕೊಡಿ, ಇಲ್ಲದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ. ಆಮೇಲೆ ಯಾವ ಟೀಚರನ್ನು ಇಟ್ಟುಕೊಳ್ಳಬೇಕು, ಯಾರನ್ನು ತೆಗೆಯಬೇಕು ಅನ್ನೋದಕ್ಕೆ ಕೈ ಹಾಕಬೇಡಿ. ಅದು ಆಡಳಿತದ ಕೆಲಸ.

ಮಗಳ ವಿಷಯ: ನಿಮಗೆ ಕೊಡೋ ಪತ್ರದಲ್ಲಿ ಅವಧಿ ಎಷ್ಟು ವರ್ಷ, ಪಾತ್ರ ಸಲಹೆ ಮಾತ್ರ, ಈ ಎರಡು ಸ್ಪಷ್ಟವಾಗಿ ಇರಲಿ. ಜೊತೆಗೆ, ಸದಸ್ಯರ ಮಕ್ಕಳಿಗೆ ಸಂಬಂಧಪಟ್ಟ ವಿಷಯ ಬಂದರೆ ಆ ಸದಸ್ಯರು ಚರ್ಚೆಯಲ್ಲಿ ಇರಲ್ಲ ಅಂತ ಒಂದು ಸಾಲು ಸೇರಿಸಿ ಅನ್ನಿ. ಅವಳ ಕ್ಲಾಸ್ ಟೀಚರ್ ಬಗ್ಗೆ ಮಾತು ಬಂತೋ, ಎದ್ದು ಹೊರಗೆ ಹೋಗಿ, ಹೋದದ್ದನ್ನು ಮಿನಿಟ್ಸ್‌ನಲ್ಲಿ ಬರೆಸಿ. ಮಾರ್ಕ್ಸ್, ಸೆಕ್ಷನ್, ಡ್ಯಾನ್ಸಲ್ಲಿ ಮುಂದಿನ ಸಾಲು, ಇವಕ್ಕೆಲ್ಲ ನೀವು ಬೇರೆ ಅಮ್ಮಂದಿರ ಹಾಗೆ ಪೋಷಕರ ಸಭೆಯಲ್ಲೇ ಲೈನಲ್ಲಿ ನಿಂತು ಕೇಳಿ.